ಕೊನೆಯ ಪುಟದಲ್ಲಿದ್ದ ನಮ್ಮ ಬೀದಿ

ಟೈಲರ್ ಮನೆಯ ಚಿಕ್ಕ ಮಗಳು ಕಾಮಾಲೆಯಿಂದ ಆಸ್ಪತ್ರೆ ಸೇರಿ ಹನ್ನೊಂದು ದಿನವಾಗಿತ್ತು. ಅದೇ ಬೀದಿಯ ಇನ್ನೂ ನಾಲ್ಕು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ದೊಡ್ಡ ಮಗಳನ್ನು ಮನೆಯವರು ‘ಪಂಡಿತೆ’ ಎಂದು ಛೇಡಿಸುತ್ತಿದ್ದರು. ಈಗ ಆ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಕಾರಣವಿತ್ತು. ಬೇಸಿಗೆಯಲ್ಲಿ ಅವಳು ‘ನಮ್ಮ ಬೀದಿಯ ಕುಡಿಯುವ ನೀರು’ ಎಂಬ ಪ್ರಾಜೆಕ್ಟ್ ಬರೆದಿದ್ದಳು. ಸರ್ಕಾರದ ವೆಬ್‌ಸೈಟಿನಲ್ಲಿ ನೀರಿನ ಪರೀಕ್ಷೆಯ ವರದಿ ಸಿಕ್ಕಿತು. ಊರಿನ ನೂರಕ್ಕೆ ತೊಂಬತ್ತಾರು ನಲ್ಲಿಗಳ ನೀರು ಕುಡಿಯಲು ಯೋಗ್ಯ ಎಂದು ಮೊದಲ ಪುಟದಲ್ಲೇ ಇತ್ತು. ಅಷ್ಟೇ ಓದಿ, ನಮ್ಮ ಬೀದಿಯ ನೀರೂ ಒಳ್ಳೆಯದೇ ಎಂದು ಬರೆದುಬಿಟ್ಟಳು. ಮೇಷ್ಟ್ರು ಬೆನ್ನು ತಟ್ಟಿ ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಕೊಟ್ಟರು. ಆ ಮಹಾನುಭಾವರೂ ವರದಿಯ ಎರಡನೇ ಪುಟ ತಿರುವಿರಲಿಲ್ಲ.

ಪ್ರಾಜೆಕ್ಟನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೂ ಆಯಿತು. ವರ್ಷಗಟ್ಟಲೆ ನೀರು ಕುದಿಸಿ ಆರಿಸಿ ಕೊಡುತ್ತಿದ್ದ ಅಮ್ಮ, “ಓದಿದವಳು ನೀನೇ ಹೇಳಿದ್ಮೇಲೆ ಗ್ಯಾಸ್ ಯಾಕೆ ಸುಡ್ಲಿ?” ಎಂದು ಅಂದೇ ಕುದಿಸುವುದನ್ನು ಬಿಟ್ಟಳು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ದೊಡ್ಡವಳು ಅಪ್ಪನನ್ನು ಗ್ರಂಥಾಲಯಕ್ಕೆ ಎಳೆದುಕೊಂಡು ಬಂದಳು. ಎಲ್ಲಿ ತಪ್ಪಿದೆ ಎಂದು ತಿಳಿಯದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

“ಸರ್ಕಾರದ ಕಾಗದ ನಂಬಿಯೇ ಕೆಟ್ವಿ. ಮತ್ತೆ ಅದನ್ನೇ ಕೆದಕ್ತೀಯಲ್ಲ!” ಅಪ್ಪ ಸಿಡುಕಿದ.

ಗ್ರಂಥಪಾಲಕಿ ಕಂಪ್ಯೂಟರಿನಲ್ಲಿ ಅದೇ ವರದಿ ತೆರೆದರು. “ಪೂರ್ತಿ ನೋಡಿದ್ಯೇನಮ್ಮ?”

“ಇಷ್ಟೊಂದು ಪುಟ ಯಾರು ಓದ್ತಾರೆ ಮೇಡಂ?” ಅಪ್ಪನೇ ಬಾಯಿ ಹಾಕಿದ.

“ಎಲ್ಲಾ ಓದೋದು ಬೇಡ ಅಣ್ಣ. ಯಾವ ವರ್ಷದ್ದು ಅಂತ ಮೊದ್ಲು ನೋಡಿ. ಆಮೇಲೆ ಕೊನೇಲಿರೋ ಪಟ್ಟಿಗೆ ಹೋಗಿ. ಒಂದೊಂದು ಬೀದಿದೂ ಅಲ್ಲಿರುತ್ತೆ.”

“ಅಲ್ಲೂ ಇಲ್ದಿದ್ರೆ?” ಅಪ್ಪ ಕೇಳಿದ.

“ನೀರು ಪರೀಕ್ಷೆ ಮಾಡಿದ ಕಚೇರಿಗೆ ಅರ್ಜಿ ಬರೀರಿ. ನೀರಿನ ವಿಷಯ ಎಲ್ಲಾ ಕೊಡಿ ಅಂದ್ರೆ ಏನೂ ಸಿಗಲ್ಲ. ಇಂಥ ಬೀದಿ, ಇಂಥ ವರ್ಷ, ಇಂಥ ಪರೀಕ್ಷೆ ಅಂತ ಕೇಳಿ.”

ಎಪ್ಪತ್ತೊಂದನೇ ಪುಟದಲ್ಲಿ ಅವರ ಬೀದಿಯಿತ್ತು. ಅದರ ಎದುರಿಗೆ, ‘ಚರಂಡಿ ನೀರು ಬೆರೆತಿದೆ. ಕುದಿಸದೆ ಕುಡಿಯಬಾರದು.’ ಪರೀಕ್ಷೆ ನಡೆದದ್ದು ಪ್ರಾಜೆಕ್ಟ್ ಬರೆಯುವುದಕ್ಕೆ ಮೂರು ತಿಂಗಳು ಮೊದಲು.

“ಇದು ಆಗ್ಲೂ ಇಲ್ಲೇ ಇತ್ತಾ?” ಅಪ್ಪ ಕೇಳಿದ.

“ಇಲ್ಲೇ ಇತ್ತಪ್ಪ.” ಭೂಮಿ ಬಾಯ್ಬಿಡಬಾರದೇ ಎನಿಸಿತು ಅವಳಿಗೆ.

ಅಪ್ಪ ಆ ಪುಟದ ಜೆರಾಕ್ಸ್ ಮಾಡಿಸಿ, ಬೀದಿಯ ಪ್ರತಿ ಮನೆಗೂ ತಾನೇ ಹೋಗಿ ಕೊಟ್ಟ. ಅಮ್ಮ ಅಂದೇ ಮತ್ತೆ ಒಲೆಯ ಮೇಲೆ ನೀರಿಟ್ಟಳು. ಆ ನೀರು ಕುಡಿಯಲು ಚಿಕ್ಕವಳು ಮನೆಗೆ ಬರಲೇ ಇಲ್ಲ.

ಓದುವ ಮಕ್ಕಳೇ, ಸರ್ಕಾರದ ಮಾಹಿತಿ ನಿಮ್ಮದೇ, ಧೈರ್ಯವಾಗಿ ಹುಡುಕಿ. ಆದರೆ ಮೊದಲ ಪುಟಕ್ಕೇ ನಿಲ್ಲಬೇಡಿ. ವರ್ಷ ನೋಡಿ, ಕೊನೆಯ ಪಟ್ಟಿ ನೋಡಿ, ಸಿಗದಿದ್ದರೆ ಬರೆದು ಕೇಳಿ. ನೀವು ಬರೆದದ್ದಕ್ಕೆ ಮೇಷ್ಟ್ರು ಅಂಕ ಕೊಟ್ಟು ಸುಮ್ಮನಾಗುತ್ತಾರೆ. ಅಮ್ಮ ಅದನ್ನು ನಂಬುತ್ತಾಳೆ.