ಮೂರು ಗಂಟೆಯ ಏರು

ಸಮುದ್ರಕ್ಕೆ ಗಡಿಯಾರ ಕಟ್ಟಿದವರು ಯಾರು? ನಮ್ಮ ಅಂಕಿಗಳನ್ನು ನಂಬುವುದಾದರೆ, ಅದರ ನೀರಿನಲ್ಲಿ ಇಂಗಾಲದ ಡೈಆಕ್ಸೈಡು ದಿನಾ ಮಧ್ಯಾಹ್ನ ಮೂರಕ್ಕೆ ಏರಿ ಮೂರೂವರೆಗೆ ಇಳಿಯುತ್ತಿತ್ತು.

ಹ್ಯಾಲಿಫ್ಯಾಕ್ಸ್‌ನಿಂದ ಸೇಂಟ್ ಜಾನ್ಸ್‌ಗೆ ಸರಕು ಸಾಗಿಸುವ ಹಡಗಿನ ಮುಂತುದಿಯಲ್ಲಿ, ತಳದ ಕೋಣೆಯೊಳಗೆ ನನ್ನ ಯಂತ್ರವಿದೆ. ಮೇಲ್ಮೈ ನೀರನ್ನು ಎಳೆದುಕೊಂಡು ಡಬ್ಬಿಯೊಳಗೆ ಸಿಂಪಡಿಸುತ್ತದೆ, ನೀರು ಬಿಟ್ಟ ಅನಿಲವನ್ನು ಅಳೆಯುತ್ತದೆ. ಮೂರು ತಿಂಗಳಿಂದ ಇದೇ ಏರು. ಹೊಸದೇನೋ ಸಿಕ್ಕಿತೆಂದು ನಮ್ಮ ಮುಖ್ಯಸ್ಥೆ ವಿನಿಫ್ರೆಡ್ ಹಿಗ್ಗಿ ಹೀರೇಕಾಯಿಯಾಗಿದ್ದರು. ನನಗೆ ನಂಬಿಕೆ ಬರಲಿಲ್ಲ. ಹಡಗು ಹತ್ತಿದೆ.

ಎರಡೂ ಮುಕ್ಕಾಲಿಗೆ ಕೆಳಗಿಳಿದು ಪಂಪಿನ ಹಿಂದೆ ಕೂತೆ. ಮೂರಕ್ಕೆ ಸರಿಯಾಗಿ ಬಂದವರು ಎಂಜಿನ್‌ಗೆ ಎಣ್ಣೆ ಹಾಕುವ ಜರ್ವೇಸ್ ಪವರ್. ಅರವತ್ತು ದಾಟಿದವರು, ತಿಂಗಳಿಗೊಂದು ಮಾತಾಡಿದರೆ ಹೆಚ್ಚು. ಬಾಗಿಲು ಹಾಕಿಕೊಂಡರು, ಟೋಪಿ ತೆಗೆದರು, ಯಂತ್ರದ ಎದುರು ನೆಟ್ಟಗೆ ನಿಂತರು.

"ಬಂದಿರೋರಿಗೆಲ್ಲ ವಂದನೆ. ನನ್ನ ಮಗಳು ಬ್ರಿ... ಬ್ರಿ... ಥೂ!"

ಮತ್ತೆ ಮೊದಲಿಂದ. ಹೀಗೆ ಒಂಬತ್ತು ಸಲ. ಪರದೆಯ ಮೇಲೆ ಅಂಕಿ ಏರುತ್ತಲೇ ಇತ್ತು. ಮೂರು ತಿಂಗಳ ಕೆಲಸ ಈ ಮುದುಕನ ಉಸಿರಿಗೆ ಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

"ಏನ್ರೀ ಜರ್ವೇಸ್, ಒಳಗೆ ಬರಬಾರ್ದು ಅಂತ ಬೋರ್ಡ್ ಹಾಕಿಲ್ವಾ?"

ಅವರ ಮುಖ ಬಿಳಿಚಿಕೊಂಡಿತು. "ಬೈಬೇಡ ತಾಯಿ. ಶನಿವಾರ ಮಗಳ ಮದುವೆ. ಊಟಕ್ಕೆ ಮುಂಚೆ ಅಪ್ಪ ಆದೋನು ನಾಲ್ಕು ಮಾ... ಮಾತಾಡ್ಲೇಬೇಕು. ಮೇಲೆ ಹೇಳ್ಕೊಂಡ್ರೆ ಆ ಅಡುಗೆಯವನು ಅಣಕಿಸ್ತಾನೆ. ನಿನ್ನ ಮಿಷಿನ್ನು ನಗಲ್ಲ."

"ನಗಲ್ಲ, ಆದ್ರೆ ಬರ್ಕೊಳ್ಳುತ್ತೆ!"

"ನನ್ನ ತೊದಲನ್ನೂ ಬರ್ಕೊಂಡಿದ್ಯಾ?" ಎಂದರು, ನಿಜವಾಗಿ ಹೆದರಿ.

'ಸಿಬ್ಬಂದಿಯಿಂದ ಅಡ್ಡಿ' ಎಂದು ಬರೆದರೆ ಮುಗಿಯಿತು. ಕೋಣೆಗೆ ಬೀಗ, ಜರ್ವೇಸ್‌ಗೆ ನೋಟೀಸು. ಯಂತ್ರದ ದಾಖಲೆ ಪುಸ್ತಕ ತೆರೆದೆ. ಆಗ ಡಬ್ಬಿಯೊಳಕ್ಕೆ ಗಾಳಿ ಎಳೆದುಕೊಳ್ಳುವ ಕೊಳವೆ ಕಣ್ಣಿಗೆ ಬಿತ್ತು. ಗೋಡೆ ದಾಟಿ ಹೊರಗಾಳಿಗೆ ತೆರೆದುಕೊಳ್ಳಬೇಕಾದದ್ದು ಅವರ ಮೂಗಿನ ಮಟ್ಟಕ್ಕೆ ನೇತಾಡುತ್ತಿತ್ತು. ಜೋಡಿಸಿದ ದಿನ 'ಆಮೇಲೆ ನೋಡೋಣ' ಎಂದು ಹಾಗೇ ಬಿಟ್ಟವಳು ನಾನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಚಿಕೆಯಾಯಿತು.

'ತಪ್ಪು ನನ್ನದು. ಕೊಳವೆ ಕೋಣೆಯೊಳಗೇ ಉಳಿದಿತ್ತು. ಈ ಮೂರು ತಿಂಗಳ ಮೂರು ಗಂಟೆಯ ಅಂಕಿಗಳನ್ನು ನಂಬಬೇಡಿ' ಎಂದು ಬರೆದೆ. ವಿನಿಫ್ರೆಡ್ ಕೂಗಾಡಲಿ. ಕೊಳವೆಯನ್ನು ಹೊರಗೆ ದಾಟಿಸಿದೆ. ಜರ್ವೇಸ್ ಸ್ಪ್ಯಾನರ್ ಹಿಡಿದುಕೊಟ್ಟರು.

"ಈಗ ಹೇಳಿ, ಕೇಳೋಣ."

"ನಿನ್ನೆದುರಿಗಾ?"

"ಶನಿವಾರ ಇನ್ನೂರು ಜನ ಇರ್ತಾರಲ್ಲ?"

ಅವರು ಟೋಪಿಯನ್ನು ಹಿಂಡುತ್ತ ಶುರು ಮಾಡಿದರು. "ನನ್ನ ಮಗಳು ಬ್ರಿ... ಬ್ರಿ..."

ಊಟದ ಕೋಣೆಯ ಗೋಡೆಗೆ ಅಂಟಿಸಿದ ಮದುವೆಯ ಕರೆಯೋಲೆಯಿಂದ ಅವಳ ಹೆಸರು ಹಡಗಿಗೆಲ್ಲ ಗೊತ್ತು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಬಿಗಿಹಿಡಿದು ಕಾದೆ. ಬಹಳ ಹೊತ್ತೇ ಆಯಿತು.

"ಬ್ರಿಜಿಟ್," ಎಂದರು. "ನಾನು ಮಾತು ಮುಗಿಸೋವರೆಗೂ ಕಾಯ್ತಿದ್ದೋಳು ಅವಳೊಬ್ಬಳೇ."