ಮೂರನೇ ಸಲ ಕರೆದರೆ

ನೀಲಿ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿದೆ, ಕಟ್ಟಿದ್ದು ಸಾಲದು, ಹೆದ್ದಾರಿ ಹತ್ತಿದ ಮೇಲೆ ಹಾರಿಯೇ ಹೋಗುತ್ತದೆ, ಯಾರಾದರೂ ಹೇಳಬಾರದೇ ಆ ಮನುಷ್ಯನಿಗೆ — ಅಷ್ಟು ಅಂದುಕೊಂಡ ಮೇಲೆಯೇ ಮಾರ್ಲಿಸ್‌ಗೆ ಹೊಳೆದದ್ದು, ಅದು ಲೆಲ್ಯಾಂಡನ ಪಿಕಪ್ಪು ಎಂದು, ತಲೆಯ ಮೇಲೆ ಎದ್ದು ಕಾಣುವಷ್ಟು ಹೇರಿರುವುದು ಅವನ ಸಂಸಾರದ ಸಾಮಾನೆಂದು, ಬೆಳಗಿನಿಂದ ತಾನು ಹುಡುಕುತ್ತಿರುವ ಮನುಷ್ಯ ರಸ್ತೆ ಕೂಡುವಲ್ಲಿ ಆಚೆ ಬದಿಯಲ್ಲಿ ತನ್ನ ಕಾರಿನೆದುರಿಗೇ ಬಂದು ನಿಂತಿದ್ದಾನೆಂದು. ಹುಡುಕುತ್ತಿರುವ? ಛೆ, ಹುಡುಕುವುದೇನು ಬಂತು, ಅಂಚೆ ಕಚೇರಿಗೆಂದು ಹೊರಟವಳು ಅವನ ಮನೆಯ ಮುಂದೆ ಹಾದು ಬಂದಳು ಅಷ್ಟೇ, ಅಂಚೆ ಕಚೇರಿ ಊರಿನ ಇನ್ನೊಂದು ತುದಿಗಿದ್ದರೆ ಅದಕ್ಕೆ ಅವಳೇನು ಮಾಡಲಿಕ್ಕಾಗುತ್ತದೆ, ಅವನ ಕಿಟಕಿಗಳಿಗೆ ಪರದೆ ಇರಲಿಲ್ಲ, ಅಂಗಳದಲ್ಲಿ ಗಾಡಿ ಇರಲಿಲ್ಲ, ಹೋದನೇ ಆಗಲೇ ಎಂದು ಕಾರು ನಿಧಾನ ಮಾಡಿ ಬಗ್ಗಿ ನೋಡಿದ್ದು ನಿಜ. ಶನಿವಾರ ಹೊರಡ್ತಾನಂತೆ ಕಣೇ ಎಂದಿದ್ದಳು ಪಕ್ಕದ ಮನೆಯ ಡೆಲೋರೆಸ್, ಅರಿಜೋನಾದಲ್ಲಿ ಅವನ ತಮ್ಮ ಇದಾನಲ್ಲ, ಅಲ್ಲಿಗೆ, ಹಿಮ ಬೀಳೋಕೆ ಮುಂಚೆ ಹೋಗಿಬಿಡ್ತೀನಿ ಅಂದನಂತೆ, ಮನೇನೂ ಮಾರಾಯ್ತಂತೆ, ಹಾಲಿನ ಲಾರಿ ಓಡಿಸಿ ಓಡಿಸಿ ಸಾಕಾಯ್ತಂತೆ — ನಿಂಗೆ ಹೇಳಿರ್ಬೇಕಲ್ಲ ಅವನು? ಇಲ್ಲ, ನನಗ್ಯಾಕೆ ಹೇಳ್ತಾನೆ, ಎಂದಳು ಮಾರ್ಲಿಸ್, ಹೇಳಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆಯ ಮೇಲೇನೋ ಇಟ್ಟಿದ್ದೇನೆಂದು ಒಳಗೆ ಬಂದಳು.

ನಾಲ್ಕು ದಾರಿಗೆ ನಾಲ್ಕು ಸ್ಟಾಪ್ ಬೋರ್ಡು, ಮೊದಲು ಬಂದವರು ಮೊದಲು ಹೋಗಬೇಕೆಂಬುದು ಕಾನೂನು, ಆದರೆ ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ ಕಾನೂನಿಗಿಂತ ಸಂಕೋಚ ದೊಡ್ಡದು, ಲೆಲ್ಯಾಂಡ್ ಗಾಜಿನ ಹಿಂದಿನಿಂದ ಕೈ ಬೀಸುತ್ತಾನೆ, ನೀವು ಹೋಗಿ, ಅವಳು ತಲೆಯಲ್ಲಾಡಿಸಿ ಕೈ ಬೀಸುತ್ತಾಳೆ, ಇಲ್ಲ ಇಲ್ಲ ನೀವೇ ಹೋಗಿ, ಅವನು ನಗುತ್ತಾನೆ, ಮತ್ತೆ ಬೀಸುತ್ತಾನೆ. ಅವನ ಎಡಗಡೆಯ ದೀಪ ಮಿಣುಕುತ್ತಿದೆ, ಎಡಕ್ಕೆ ತಿರುಗಿದರೆ ಹೆದ್ದಾರಿ, ಹೆದ್ದಾರಿ ಹಿಡಿದರೆ ಮುಗಿಯಿತು. ಕಿಟಕಿ ಇಳಿಸಿ ಹೇಳಿಬಿಡಲೇ, ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇದೆ, ಬೆಳಿಗ್ಗೆ ಕನ್ನಡಿಯ ಮುಂದೆ ಬಾಯಿಪಾಠ ಮಾಡಿಕೊಂಡದ್ದು — ಲೆಲ್ಯಾಂಡ್, ಹೊರಡೋಕೆ ಮುಂಚೆ ಒಂದ್ಸಲ ಊಟಕ್ಕೆ ಹೋಗೋಣ — ಅಷ್ಟೇ, ಪುಟ್ಟ ಮಾತು, ಮೂರು ವರ್ಷದ ಮಕ್ಕಳೂ ಹೇಳಿಯಾವು. ಶಾಲೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ಸೌಟು ಹಿಡಿದು ನಿಂತವಳು, ಇನ್ನಷ್ಟು ಹಾಕಲಾ, ಇನ್ನಷ್ಟು ಹಾಕಲಾ ಎಂದು ಊರಿನ ಮಕ್ಕಳನ್ನೆಲ್ಲ ಕೇಳಿದವಳು, ತನಗೆ ಬೇಕು ಎಂಬ ಒಂದು ಮಾತನ್ನು ಮಾತ್ರ ಯಾವತ್ತೂ ಆಡಿ ಗೊತ್ತಿಲ್ಲ, ಕಲಿಸಿದವರು ಯಾರು? ಅಮ್ಮ ಕಲಿಸಿದ್ದು ಬೇರೆ. ನೋಡು ಮಗಾ, ಮೊದಲನೇ ಸಲ ಕರೆಯೋದು ಮರ್ಯಾದೆಗೆ, ಎರಡನೇ ಸಲ ಕರೆಯೋದು ತಮ್ಮ ಸಮಾಧಾನಕ್ಕೆ, ಮೂರನೇ ಸಲ ಕರೆದ್ರೆ ನಿಜವಾಗ್ಲೂ ನೀನು ಬೇಕು ಅಂತ ಅರ್ಥ, ಆಗ ಹೂಂ ಅನ್ನು, ಅದಕ್ಕೆ ಮುಂಚೆ ಬಾಯಿ ಬಿಟ್ಟೀಯ ಜೋಕೆ. ಕಾಫಿಗೂ ಅಷ್ಟೇ, ಕೇಕಿಗೂ ಅಷ್ಟೇ, ಚರ್ಚಿನ ಊಟದಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ, ಒಬ್ಬರು ಅರ್ಧ ಕೊಯ್ದುಕೊಳ್ಳುತ್ತಾರೆ, ಇನ್ನೊಬ್ಬರು ಉಳಿದದ್ದರಲ್ಲಿ ಅರ್ಧ, ಕೊನೆಗೆ ಬೆರಳುಗುರಿನಷ್ಟು ಉಳಿದು ಒಣಗಿ ಕಸಕ್ಕೆ ಹೋಗುತ್ತದೆ, ಎಲ್ಲರಿಗೂ ಆಸೆ, ಎಲ್ಲರೂ ಒಳ್ಳೆಯವರು. ಅಮ್ಮ ಹೋದ ಮೇಲೆ ಎಷ್ಟು ಒಳ್ಳೆಯವರಾಗಿದ್ದರು ಎಲ್ಲ, ಮೆಟ್ಟಿಲ ಮೇಲೆ ಬಿಸಿ ಬಿಸಿ ಅಡುಗೆ ಇಟ್ಟು ಹೋಗುತ್ತಿದ್ದರು, ಬಾಗಿಲು ಮಾತ್ರ ತಟ್ಟುತ್ತಿರಲಿಲ್ಲ, ತೊಂದರೆ ಕೊಟ್ಟ ಹಾಗಾಗುತ್ತದಲ್ಲ. ಹೇಗಿದೀಯಾ ಮಾರ್ಲಿಸ್? ಪರವಾಗಿಲ್ಲ, ನಡೀತಿದೆ. ಗಾಳಿ ಜಾಸ್ತಿ ಅಲ್ವಾ? ಹೌದು, ಆದ್ರೂ ಹೋದ್ವರ್ಷದಷ್ಟಿಲ್ಲ. ಇದಿಷ್ಟೇ ಇಡೀ ವಾರದ ಮಾತು, ಉಳಿದದ್ದು ಟೀವಿಯದು, ಒಂದೊಂದು ಸಲ ಹವಾಮಾನ ಹೇಳುವವನಿಗೆ ಅವಳು ಉತ್ತರ ಕೊಟ್ಟುಬಿಡುತ್ತಾಳೆ, ಹೌದಾ, ನಾಳೆಗಾ ಎಂದು, ಆಮೇಲೆ ತನ್ನ ದನಿ ಕೇಳಿ ತನಗೇ ಸಂಕಟವಾಗುತ್ತದೆ.

ಲೆಲ್ಯಾಂಡ್ ಮೊದಲನೇ ಸಲ ಕರೆದದ್ದು ಫೆಬ್ರವರಿಯಲ್ಲಿ, ಹೇಳದೆ ಕೇಳದೆ ಅವಳ ಅಂಗಳದ ಹಿಮವನ್ನೆಲ್ಲ ಇದೇ ಪಿಕಪ್ಪಿನಿಂದ ನೂಕಿ ಕೊಟ್ಟಿದ್ದ, ಕಾಫಿ ತಂದುಕೊಟ್ಟರೆ ಗಾಡಿಯಿಂದ ಇಳಿಯದೆ ಕುಡಿದ, ಕಪ್ಪನ್ನು ವಾಪಸು ಕೊಡುತ್ತ ಕಪ್ಪಿಗೇ ಹೇಳುವ ಹಾಗೆ, ಶುಕ್ರವಾರ ಕೆರೆ ಹತ್ರದ ಹೋಟ್ಲಿಗೆ ಮೀನೂಟಕ್ಕೆ ಹೋಗ್ತಿದೀನಿ, ನೀವೂ ಬರ್ತೀರೇನೋ ಅಂತ, ಎಂದ. ಅಯ್ಯೋ ಬೇಡಪ್ಪ, ನಿಮಗ್ಯಾಕೆ ಸುಮ್ನೆ ತೊಂದ್ರೆ. ಎರಡನೇ ಸಲ ಅಂಗಡಿಯಲ್ಲಿ, ಚೀಸಿನ ಮುಂದೆ, ಅವನ ಕಿವಿ ಕೆಂಪಗಾಗಿತ್ತು, ಹೊರಗಿನ ಚಳಿಗೇ ಇರಬೇಕು, ಮೀನು ಚೆನ್ನಾಗಿ ಹುರೀತಾರೆ ಅಲ್ಲಿ, ಎಂದ. ಹೌದಂತೆ, ಆದ್ರೆ ಮನೇಲಿ ನೆನ್ನೇದೇ ಉಳಿದಿದೆ ನೋಡಿ. ಮನೆಯಲ್ಲೇನೂ ಉಳಿದಿರಲಿಲ್ಲ. ಎರಡು ಮುಗಿಯಿತು, ಇನ್ನೊಂದೇ ಒಂದು ಬಾಕಿ, ಆ ವಾರ ನೀಲಿ ಸ್ವೆಟರನ್ನು ಒಗೆದು ಚಪ್ಪಟೆಯಾಗಿ ಹರಡಿ ಒಣಗಿಸಿದಳು, ತಲೆಗೂದಲು ಸುರುಳಿ ಮಾಡಿಸಿಕೊಂಡಳು, ಡೆಲೋರೆಸ್ ಯಾಕೇ ಎಂದರೆ ಸುಮ್ನೆ ಎಂದಳು, ಅವನು ಮೂರನೇ ಸಲ ಕರೆಯಲೇ ಇಲ್ಲ. ಮಾರ್ಚಿ ಹೋಯಿತು, ಕೆರೆಯ ಐಸು ಕರಗಿತು, ಜೋಳ ಬೆಳೆದು ಕೊಯ್ಲೂ ಆಯಿತು, ಅವನು ಎದುರಾದಾಗಲೆಲ್ಲ ಎಲ್ಲರಿಗೆ ಎತ್ತುವಂತೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತಿ ಹೋದ. ಅವನಿಗೆ ಬೇರೆ ಯಾರೋ ಇರಬೇಕು ಅಂದುಕೊಂಡಳು, ಅಂದುಕೊಳ್ಳುವಂತೆ ಮಾಡಿದವಳೂ ಈ ಡೆಲೋರೆಸ್ಸೇ — ಲೆಲ್ಯಾಂಡ್ ಯಾರಿಗೋ ಕಾಯ್ತಾನೆ ಕಣೇ, ಪ್ರತಿ ಶುಕ್ರವಾರ ಕಿಟಕಿ ಪಕ್ಕದ ಟೇಬಲ್ಲು ಹಿಡೀತಾನೆ, ಎದುರಿನ ಕುರ್ಚಿ ತಗೊಳ್ಲಾ ಅಂತ ಯಾರಾದ್ರೂ ಕೇಳಿದ್ರೆ ಕೊಡಲ್ಲ, ಜನ ಬರ್ತಾರೆ ಅಂತಾನೆ, ಯಾವ ಜನಾನೂ ಬರಲ್ಲ, ಒಬ್ಬನೇ ತಿಂದು ಎದ್ದು ಹೋಗ್ತಾನೆ, ಯಾರೋ ಮಹಾರಾಣಿ ಇರ್ಬೇಕು ಬಿಡು. ಆ ರಾತ್ರಿ ಮಾರ್ಲಿಸ್‌ಗೆ ನಿದ್ದೆ ಹತ್ತಲಿಲ್ಲ, ಆ ಮಹಾರಾಣಿಯ ಮೇಲೆ ಎಂಥಾ ಹೊಟ್ಟೆಕಿಚ್ಚು, ಬರುವುದಿಲ್ಲವೆಂದರೆ ಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳಬಾರದೇ ಆ ಹೆಂಗಸು, ಪಾಪ ಆ ಮನುಷ್ಯನನ್ನು ಹಾಗೆ ಕೂರಿಸಿ —

ಕಿಟಕಿ ಪಕ್ಕದ ಟೇಬಲ್ಲು. ಯಾರು ಹೇಳಿದ್ದು ಅದನ್ನು, ಡೆಲೋರೆಸ್ಸಿಗೂ ಮೊದಲು ಯಾರೋ ಹೇಳಿದ್ದರು, ಚರ್ಚಿನಲ್ಲಿ, ಈಸ್ಟರ್ ಕಳೆದ ಮೇಲಿನ ಭಾನುವಾರ, ಕಾಫಿ ಸುರಿದುಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದವನು ಲೆಲ್ಯಾಂಡ್, ಗೋಡೆ ನೋಡಿಕೊಂಡು ಹೇಳಿದ್ದ, ನಾನಂತೂ ಶುಕ್ರವಾರ ಶುಕ್ರವಾರ ಅಲ್ಲೇ ಇರ್ತೀನಿ, ಕಿಟಕಿ ಪಕ್ಕದ ಟೇಬಲ್ಲು, ಇಬ್ರು ಆರಾಮಾಗಿ ಕೂರಬಹುದು, ಕೆರೆ ಚೆನ್ನಾಗಿ ಕಾಣುತ್ತೆ. ಅದಕ್ಕೆ ಅವಳು, ಹೂಂ, ಈ ಸಲ ಐಸು ಬೇಗ ಕರಗ್ತು, ಎಂದಿದ್ದಳು! ಐಸು! ಅಯ್ಯೋ ದೇವರೇ, ಅದು ಮೂರನೇದು, ಅದೇ ಮೂರನೇದು, ಅವನಿಗೂ ಅಂಥದೇ ಒಬ್ಬ ತಾಯಿ ಇದ್ದಿರಬೇಕು, ಎರಡು ಸಲಕ್ಕಿಂತ ಹೆಚ್ಚು ಯಾರನ್ನೂ ಒತ್ತಾಯ ಮಾಡಬೇಡ ಎಂದಿರಬೇಕು, ಅದಕ್ಕೇ ಬಾಗಿಲನ್ನು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತ, ವಸಂತ, ಬೇಸಿಗೆ, ಶರತ್ಕಾಲ ಪೂರ್ತಿ, ಆ ಕುರ್ಚಿಯನ್ನು ಯಾರಿಗೂ ಕೊಡದೆ. ಅವಳೇ ಆ ಹೆಂಗಸು. ಎದುರಿಗೆ ಲೆಲ್ಯಾಂಡ್ ಇನ್ನೊಮ್ಮೆ ಕೈ ಬೀಸಿ ನೋಡಿ, ಸರಿ ಹಾಗಾದರೆ ಎನ್ನುವಂತೆ ತಲೆ ಬಗ್ಗಿಸಿ, ನಿಧಾನವಾಗಿ ಮುಂದಕ್ಕೆ ಬಿಟ್ಟ, ಬೇಡ, ನಿಲ್ಲು, ಕಿಟಕಿಯ ಗುಂಡಿ ಯಾವುದು, ಬೆರಳಿಗೆ ಸಿಕ್ಕಿದ್ದು ಹಿಂದಿನ ಕಿಟಕಿಯದು, ಹಿಂದಿನ ಗಾಜು ಇಳಿದು ತಣ್ಣನೆ ಗಾಳಿ ಕುತ್ತಿಗೆಗೆ ಬಡಿಯಿತು, ಪಿಕಪ್ಪಿನ ಮೂತಿ ಎಡಕ್ಕೆ ತಿರುಗುತ್ತಿದೆ, ಲೆಲ್ಯಾಂಡ್ ಎಂದು ಕೂಗಿದ್ದು ಮುಚ್ಚಿದ ಮುಂದಿನ ಗಾಜಿಗೆ ಬಡಿದು ಒಳಗೇ ಉಳಿಯಿತು, ಆಗ ಅವಳು ಎರಡೂ ಅಂಗೈಗಳನ್ನು ಹಾರ್ನಿನ ಮೇಲಿಟ್ಟು ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು.

ಈ ಊರಿನಲ್ಲಿ ಹಾಗೆ ಯಾರೂ ಹಾರ್ನ್ ಮಾಡುವುದಿಲ್ಲ, ದನ ಅಡ್ಡ ಬಂದರೂ ಮಾಡುವುದಿಲ್ಲ, ಮೂಲೆಯ ಅಂಗಡಿಯ ಬಾಗಿಲಲ್ಲಿದ್ದವರು ತಿರುಗಿ ನೋಡಿದರು, ಲೆಲ್ಯಾಂಡ್ ಬೆಚ್ಚಿಬಿದ್ದ, ಅವನ ಮುಖ ಅವಳ ಕಡೆ ತಿರುಗಿತು, ಕಿವಿಯವರೆಗೂ ಕೆಂಪಗೆ, ಹಿಂದೊಮ್ಮೆ ಚೀಸಿನ ಮುಂದೆ ಕಂಡಷ್ಟೇ ಕೆಂಪಗೆ, ಇಷ್ಟು ಹೊತ್ತು ಒಬ್ಬರ ದಾರಿಗೆ ಅಡ್ಡ ನಿಂತೆನಲ್ಲ, ಅದೂ ಮಾರ್ಲಿಸ್‌ಗೆ ಸಿಟ್ಟು ಬರಿಸಿದೆನಲ್ಲ ಎಂಬ ಅವಮಾನ ಅಷ್ಟು ದೂರದಿಂದಲೂ ಓದಲಿಕ್ಕೆ ಬರುವ ಹಾಗೆ, ತಪ್ಪಾಯ್ತು ಎಂದು ಕಿಟಕಿ ಇಳಿಸಿ ಅಂಗೈ ಅಗಲಿಸಿ ಹೊರಗೆ ಎತ್ತಿ ಹಿಡಿದ, ಗಾಡಿ ಗಡಗಡಿಸಿ ತಿರುಗಿ ಓಡಿತು. ಇಲ್ಲ, ಹಾಗಲ್ಲ, ಹಾಗಲ್ಲ ಎಂದಳು ಮಾರ್ಲಿಸ್ ಕಾರಿನೊಳಗೆ. ಬೆನ್ನಟ್ಟಲೇ? ಬೆನ್ನಟ್ಟಿದರೆ ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಓಡಿಸುತ್ತಾನೆ ಅವನು, ಅಷ್ಟು ಒಳ್ಳೆಯವನು. ಹಿಂದೆ ಯಾವುದೋ ಕಾರು ಬಂದು ನಿಂತಿದೆ, ಸುಮ್ಮನೆ ಕಾಯುತ್ತಿದೆ, ಅವಳು ಹೋಗುವವರೆಗೆ ಕಾಯುತ್ತದೆ, ಏನೂ ಅನ್ನುವುದಿಲ್ಲ. ಹೋಗಬೇಕು, ಕಾಲು ಬ್ರೇಕಿನ ಮೇಲಿಂದ ಏಳುತ್ತಿಲ್ಲ, ಹೆದ್ದಾರಿಯ ಕಡೆಗೆ ಆ ಪಿಕಪ್ಪು ಸಣ್ಣದಾಗುತ್ತ ಹೋಗುತ್ತಿದೆ, ಕಿಟಕಿಯ ಹೊರಗೆ ಅಂಗೈ, ಇನ್ನೂ ಇಳಿಸಿಲ್ಲ ಅವನು, ಮೇವು ತುಂಬಿಡುವ ಎತ್ತರದ ಸಿಲೋ ದಾಟಿದ ಮೇಲೂ ಇಳಿಸಿಲ್ಲ, ಎತ್ತಿ ಹಿಡಿದ ಅಂಗೈ, ಕ್ಷಮಿಸಿ ಎನ್ನುತ್ತ, ಅಂಗೈ.