ಗಂಟಲಿಗೆ ತೆಂಗಿನಹಾಲು

ಭಾನುವಾರದ ಪ್ರಾರ್ಥನೆ ಮುಗಿದು, ಎಲೆ ಮುಚ್ಚಿ ಬೇಯಿಸುವ ಬಿಸಿಕಲ್ಲಿನ ಒಲೆ ಬಿಚ್ಚಿ, ಊಟವೂ ಆಗಿತ್ತು. ದ್ವೀಪದ ಆ ಊರಿಗೆ ಊರೇ ಚಾಪೆಯ ಮೇಲೆ ಉರುಳಿತ್ತು. ಮಾತಾಯೊ ಮಾತ್ರ ಕಂಬಕ್ಕೊರಗಿ ಎದೆ ನೀವಿಕೊಳ್ಳುತ್ತಿದ್ದ.

"ಮತ್ತೆ ಉರೀನಾ?" ಹೆಂಡತಿ ಫುವಾತಿನೊ ಕೇಳಿದಳು.

"ಮಾತ್ರೆ ನುಂಗೇ ಊಟಕ್ಕೆ ಕೂತಿದ್ದೆ. ಆದ್ರೂ ಬಿಡ್ತಿಲ್ಲ, ಹಾಳಾದ್ದು." ದನಿ ಗೊರಗೊರ ಎಂದಿತು.

ಮಾತಾಯೊ ತನ್ನ ಮನೆತನದ ಮಾತುಗಾರ. ಮದುವೆಯಿರಲಿ, ಸಾವಿರಲಿ, ಹೆಗಲಿಗೆ ಮಾತುಗಾರನ ಗುರುತಾದ ನಾರಿನ ಚವರಿ ಹಾಕಿಕೊಂಡು ಬಯಲಲ್ಲಿ ನಿಂತು ಎಲ್ಲರ ಪರವಾಗಿ ಮಾತಾಡಬೇಕಾದವನು. ಇನ್ನೆರಡು ತಿಂಗಳಿಗೆ ಒಬ್ಬಳೇ ಮಗಳು ತಲಿತಾಳ ಮದುವೆ. ಅಷ್ಟರೊಳಗೆ ದನಿ ಬಾರದಿದ್ದರೆ ತಮ್ಮ ಎದ್ದು ನಿಲ್ಲಬೇಕು, ಹೆತ್ತ ಅಪ್ಪ ಮೂಗನಂತೆ ಕೂರಬೇಕು. ನೆನೆದರೇ ಅವನ ಕಣ್ಣು ತುಂಬುತ್ತಿತ್ತು.

ಗಂಟಲು ಒಣಗಿದೆ, ತಂಪಾಗಲಿ ಎಂದು ಫುವಾತಿನೊ ಮಲಗುವ ಮುಂಚೆ ಬಟ್ಟಲು ತುಂಬ ಗಟ್ಟಿ ತೆಂಗಿನಹಾಲು ಕುಡಿಸುತ್ತಿದ್ದಳು. ಪಾಪ, ತಾನೇ ಕಾಯಿ ತುರಿದು ಹಿಂಡುತ್ತಿದ್ದಳು.

ಮರುದಿನ ತಮ್ಮನ ಮಗಳು ಎಸೆತಾ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು.

"ದೊಡ್ಡಪ್ಪ, ಡಾಕ್ಟ್ರು ನೋಡಿ ಹೇಳಿದಾರಲ್ಲ. ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲು ಸುಡ್ತಿದೆ. ಮಾತ್ರೆ ಕೊಟ್ಟಿದ್ದು ಉರಿ ಆರಲಿ ಅಂತ. ನೀವು ಇನ್ನೊಂದು ತಟ್ಟೆ ಇಳಿಸೋಕೆ ನುಂಗ್ತಿದೀರಿ!"

"ಬಡಿಸಿದ್ದನ್ನ ಬೇಡ ಅನ್ನೋಕಾಗುತ್ತೇನೇ? ಮಾತುಗಾರ ನಾನು. ನಾನೇ ತಟ್ಟೆ ತಳ್ಳಿದ್ರೆ ಆ ಮನೆಯವರ ಮಾನ ಏನಾಗ್ಬೇಕು?"

"ನಿಮ್ಮ ದನಿ ಹೋದ್ರೆ ನಮ್ಮ ಮಾನ ಏನಾಗ್ಬೇಕು? ಸ್ವಲ್ಪಸ್ವಲ್ಪ ತಿನ್ನಿ. ಕುರಿಕೊಬ್ಬು, ತೆಂಗಿನಹಾಲು ಬಿಡಿ. ಬೇಯಿಸಿದ ಕೆಸುವಿನ ಗೆಡ್ಡೆ, ಮೀನಿನ ತಿಳಿಸಾರು, ಪಪ್ಪಾಯಿ ಸಾಕು. ಬೆಳಕಿರುವಾಗಲೇ ಉಂಡುಬಿಡಿ, ಉಂಡ ತಕ್ಷಣ ಉರುಳಬೇಡಿ. ಮಲಗೋವಾಗ ತಲೆ ಕಡೆ ಎತ್ತರ ಇರ್ಲಿ. ಮಾತ್ರೆ ಮಾತ್ರ ನೀವಾಗೇ ಬಿಡಬೇಡಿ, ಡಾಕ್ಟ್ರು ಹೇಳಲಿ."

ಫುವಾತಿನೊ ಸಿಡುಕಿದಳು. "ಅಂದ್ರೆ ನನ್ನ ಕೈಯಡುಗೆ ವಿಷ ಅಂತೀಯಾ?"

"ಅಯ್ಯೋ, ಹಾಗಲ್ಲ ದೊಡ್ಡಮ್ಮ. ನಮಗೆಲ್ಲ ಒಳ್ಳೇದೇ. ಮಲಗೋ ಹೊತ್ತಿಗೆ ಬಟ್ಟಲುಗಟ್ಟಲೆ ಕುಡಿದ್ರೆ ಅವರಿಗೆ ಆಗಲ್ಲ."

ಅಂದು ಸಂಜೆ ಫುವಾತಿನೊ ಎಂದಿನಂತೆ ಕಾಯಿ ತುರಿಯಲು ಕೂತಳು. ಕೈ ಓಡಲಿಲ್ಲ. "ದೇವರೇ, ವಾಸಿಯಾಗ್ಲಿ ಅಂತ ನಾನೇ ಸುಟ್ಟೆನಾ?" ಎಂದು ಅತ್ತುಬಿಟ್ಟಳು.

"ಕೇಳಿ ಕೇಳಿ ಕುಡಿದವನು ನಾನು. ನಿನ್ನದೇನು ತಪ್ಪು?" ಎಂದು ಮಾತಾಯೊ ತುರಿಮಣೆಯನ್ನು ಪಕ್ಕಕ್ಕೆ ಸರಿಸಿದ.

ಅಂದಿನಿಂದ ಒಲೆಯ ಮೇಲೆ ತಿಳಿಸಾರು ಕುದಿಯಿತು. ಭಾನುವಾರದ ಊಟವಾದ ಮೇಲೆ ಗಂಡಹೆಂಡತಿ ಕಡಲದಂಡೆಗೆ ನಡೆಯತೊಡಗಿದರು. "ಏನಪ್ಪಾ, ಈ ವಯಸ್ಸಲ್ಲಿ ಹೊಸ ಪ್ರೇಮಾನಾ?" ಎಂದು ಚಾಪೆಯ ಮೇಲಿದ್ದವರು ನಕ್ಕರು. ಉರಿ ಮೆಲ್ಲಗೆ ಇಳಿಯಿತು. ದನಿ ಮಾತ್ರ ದಿನಕ್ಕೊಂದು ಥರ ಇರುತ್ತಿತ್ತು.

ಮದುವೆಯ ದಿನ ಬಂದೇಬಿಟ್ಟಿತು. ಊಟವಾದ ಮೇಲೆ ಮಗಳನ್ನು ಒಪ್ಪಿಸುವ ಮಾತನ್ನು ಮಾತಾಯೊ ಆಡಬೇಕಿತ್ತು. ಬೀಗಿತ್ತಿ ತಾನೇ ಬಂದು ಅವನ ಮುಂದೆ ತಟ್ಟೆ ಇಟ್ಟಳು: ಹಂದಿಮಾಂಸ, ಕುರಿಕೊಬ್ಬು, ತೆಂಗಿನಹಾಲು ತುಂಬಿ ಬೇಯಿಸಿದ ಕೆಸುವಿನೆಲೆ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನ ಕೈ ತಟ್ಟೆಯತ್ತ ಹೋಯಿತು.

ಫುವಾತಿನೊ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬೀಗಿತ್ತೀ, ತಪ್ಪು ತಿಳೀಬೇಡಿ. ಇದು ಅವರ ಹೊಟ್ಟೆಗೆ ಒಗ್ಗಲ್ಲ, ಗಂಟಲು ಸುಡುತ್ತೆ. ಬೇಡ ಅಂದವಳು ನಾನು, ಬೈಯೋದಿದ್ರೆ ನನ್ನೇ ಬೈರಿ. ನಿಮ್ಮ ಅಡುಗೆ ನಾವು ಹೆಂಗಸರು ಹಂಚಿಕೊಂಡು ತಿಂತೀವಿ."

ಹೀಗೆ ತಟ್ಟೆ ಎಳೆದುಕೊಂಡದ್ದನ್ನು ಆ ಊರು ಕಂಡಿರಲಿಲ್ಲ. ಬೀಗಿತ್ತಿಯ ಮುಖ ಕಪ್ಪಿಟ್ಟಿತು. ಆಮೇಲೆ ಬಗ್ಗಿ, ಬೆಂದ ಗೆಡ್ಡೆಯ ತುಂಡೊಂದನ್ನು ಎಲೆಯ ಮೇಲಿಟ್ಟು ಮಾತಾಯೊನ ಮುಂದೆ ಸರಿಸಿದಳು. "ಇಷ್ಟಾದ್ರೂ ನಮ್ಮನೇದು ತಿನ್ನಿ."

ಅವನು ನಿಧಾನವಾಗಿ ಅಗಿದು ತಿಂದ. ಚವರಿಯನ್ನು ಹೆಗಲಿಗೇರಿಸಿ ಬಯಲಿಗೆ ಹೋಗಿ ನಿಂತ.

"ನನ್ನ ಮಗಳು ತಲಿತಾ..."

ಹಳೆಯ ಕಂಚಿನ ದನಿಯಲ್ಲ, ಅಂಚಿನಲ್ಲಿ ಸ್ವಲ್ಪ ಸೀಳಿತ್ತು. ಆದರೂ ಬಯಲಿನ ಕೊನೆಯಲ್ಲಿ ನಿಂತವರಿಗೂ ಕೇಳಿಸಿತು. ತಲಿತಾ ಮುಖ ಮುಚ್ಚಿಕೊಂಡು ಅತ್ತಳು.

ಮಾತು ಮುಗಿಯುವ ಹೊತ್ತಿಗೆ ಬೀಗಿತ್ತಿ ಫುವಾತಿನೊಳ ಪಕ್ಕಕ್ಕೆ ಬಂದು ಕೂತಳು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದಳು:

"ನಮ್ಮೆಜಮಾನ್ರಿಗೂ ಹೀಗೇ ಉರಿಯುತ್ತೆ. ಯಾರ ಮುಂದೂ ಹೇಳಿಕೊಳ್ಳಲ್ಲ. ನೀವು ಏನೇನು ಕೊಟ್ರಿ?"

ಫುವಾತಿನೊ ಕಣ್ಣೊರೆಸಿಕೊಂಡು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.